ಚಿಕ್ಕ ಕೊಂಬಿನ ಬೆಲೆ

ಬೇರು ಇನ್ನೂ ನುಣ್ಣಗಾಗಿರಲಿಲ್ಲ. ಅಷ್ಟರಲ್ಲೇ ಕೆಂಪು ಟೋಪಿಯವನು ಅಂಗಡಿಯ ಬಾಗಿಲಿಗೆ ಬಂದು ನಿಂತ. ಅವಳು ತಲೆ ಎತ್ತಲಿಲ್ಲ. ಗುಂಡುಕಲ್ಲನ್ನು ಇನ್ನಷ್ಟು ಒತ್ತಿ ಅರೆದಳು.

"ಕೊಂಬಿನಕ್ಕಾ, ಗಿರಾಕಿ ಬಂದ್ರೆ ಬಾ ಅನ್ನೋದಿಲ್ವಾ?"

"ಬಾ ಅನ್ನದೇನೇ ಬಂದಿದ್ದೀಯಲ್ಲ."

"ನೋಡೋ, ವ್ಯಾಪಾರ ಜೋರಾದ ಮೇಲೆ ಅಕ್ಕನಿಗೂ ಕೊಂಬು ಬಂದಿದೆ!" ಎಂದು ಅವನು ಜೊತೆಗಿದ್ದ ಗುರಾಣಿಯವನಿಗೆ ಹೇಳಿ ನಕ್ಕ. ಅವಳು ತಲೆವಸ್ತ್ರದ ಗಂಟನ್ನು ಬಿಗಿಮಾಡಿಕೊಂಡಳು.

ಸಿಟ್ಟು ಅವಳಿಗೆ ಹೊಸದಲ್ಲ. ಈ ಜನ ಹೊರಗಿನಿಂದ ಬರುವವರು. ಇದು ಅವರಿಗೆ ಆಟ. ಗವಿಗೆ ನುಗ್ಗಿ ಕೊಂಬಿನ ಮೃಗಗಳನ್ನು ಹೊಡೆದಷ್ಟೂ ಅವರ ಹಂತ ಏರುತ್ತದೆ. ಸತ್ತರೆ ಊರ ಚೌಕದ ಕಾರಂಜಿಯ ಪಕ್ಕ ಮೈ ಕೊಡವಿಕೊಂಡು ಏಳುತ್ತಾರೆ. ಹೋಗುವುದು ಕೈಲಿದ್ದ ಸಾಮಾನು ಮಾತ್ರ. ಇಲ್ಲೇ ಹುಟ್ಟಿದವರಿಗೆ ಕಾರಂಜಿಯಿಲ್ಲ. ಅವರು ಸತ್ತರೆ ಸತ್ತರು.

ಆದರೂ ಊರಿನ ಒಲೆ ಉರಿಯುವುದು ಅವರಿಂದಲೇ. ಕಮ್ಮಾರ ಅವರಿಗೆ ಕತ್ತಿ ಮಾರುತ್ತಾನೆ, ಅವಳು ಗಾಯದ ಲೇಪ ಮಾರುತ್ತಾಳೆ. ಅವರು ತರುವ ಕೊಂಬುಗಳಲ್ಲಿ ದೊಡ್ಡವು ಕತ್ತಿಯ ಹಿಡಿಗೆ ಹೋಗುತ್ತಿದ್ದವು, ಚಿಕ್ಕವು ಅಂಗಿಯ ಗುಂಡಿ ಮಾಡುವವನ ಪಾಲಿಗೆ. ಆ ಚಿಕ್ಕವು ಅವನ ಗರಗಸಕ್ಕೆ ಸಿಗುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ. ಲೇಪದಿಂದ ಬಂದದ್ದನ್ನೆಲ್ಲ ಸುರಿದು, ದೊಡ್ಡದರ ಎರಡರಷ್ಟು ಬೆಲೆ ಕೊಟ್ಟು ತಾನೇ ಕೊಳ್ಳುತ್ತ ಬಂದಿದ್ದಳು. ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿ ಒಳಗಿಡುತ್ತಿದ್ದಳು. ಅವಳು ಅವನ್ನು ಮಾರಿದ್ದನ್ನು ಕಂಡವರಿಲ್ಲ.

ಮಗ ಕಾಣೆಯಾದ ಮೇಲೆ ಊರಿನವರು ಅದಕ್ಕೊಂದು ಅರ್ಥ ಹಚ್ಚಿದರು. ಅವಳಂತೆಯೇ ಸದಾ ತಲೆಗೆ ಬಟ್ಟೆ ಕಟ್ಟಿರುತ್ತಿದ್ದ ಹುಡುಗ ಸೋದರಮಾವನ ಮನೆಗೆಂದು ಗವಿಯ ದಾರಿ ಹಿಡಿದವನು ಹಿಂತಿರುಗಿರಲಿಲ್ಲ. "ಹೆತ್ತ ಹೊಟ್ಟೆಯ ಉರಿ. ಆ ಮೃಗಗಳ ಸಂತಾನವೇ ಹಾಳಾಗಲಿ ಅಂತ ದುಡ್ಡು ಸುರೀತಾಳೆ" ಎಂದರು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಗವಿಯಿಂದ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು: ನನ್ನ ಮಗನನ್ನು ಎಲ್ಲಾದರೂ ಕಂಡಿರಾ?

ಕೆಂಪು ಟೋಪಿಯವನು ಚೀಲವನ್ನು ಕಟ್ಟೆಯ ಮೇಲೆ ಬೋರಲು ಹಾಕಿದ. ಕೊಂಬುಗಳು ಉರುಳಿದವು. ಒಂದೂ ದೊಡ್ಡದಿರಲಿಲ್ಲ.

"ಎಲ್ಲಾ ಮರಿಗಳೇ?"

"ಮತ್ತೆ? ದೊಡ್ಡದರ ಜೊತೆ ಗುದ್ದಾಡಿ ಸಾಯೋಕೆ ನಮಗೇನು ಹುಚ್ಚಾ? ಚಿಕ್ಕದಕ್ಕೆ ಜಾಸ್ತಿ ಕೊಡೋರು ನೀವೇ ತಾನೇ. ಮೊದಲು ಮರೀನ ಯಾರೂ ಮೂಸಿಯೂ ನೋಡ್ತಿರಲಿಲ್ಲ. ಈಗ ಎಲ್ಲಾ ತಂಡದವರೂ ಹುಡುಕಿಕೊಂಡು ಹೋಗೋದು ಅವನ್ನೇ."

ಅರೆಯುವ ಕೈ ನಿಂತಿತು. ಇಷ್ಟು ಸರಳವಾದದ್ದು ಅವಳಿಗೆ ಹೊಳೆದೇ ಇರಲಿಲ್ಲ. ಬೆಲೆ ಕಟ್ಟಿದವಳು ಅವಳು, ಸರಕು ಬಂದಿತ್ತು. ಬಾಗಿಲಲ್ಲಿ ನಿಂತವರ ಮೇಲಿದ್ದ ಸಿಟ್ಟು ಅರ್ಧದಾರಿಯಲ್ಲೇ ತಿರುಗಿ ಅವಳ ಎದೆಯನ್ನೇ ಇರಿಯಿತು.

"ಇದನ್ನ ನೋಡಿ." ಅವನು ಒಂದನ್ನು ಆರಿಸಿ ಎತ್ತಿ ಹಿಡಿದ. "ಇದು ನಿಮಗೋಸ್ಕರಾನೇ ತಂದಿದ್ದು ಅಕ್ಕಾ. ಮೂರನೇ ತಿರುವಿನಲ್ಲಿ ಸಿಕ್ತು. ಪಕ್ಕದಲ್ಲೇ ಹುಡುಗರ ಚಪ್ಪಲಿ ಬಿದ್ದಿತ್ತು. ನಿಮ್ಮ ಮಗನನ್ನ ತಿಂದಿದ್ದು ಇದೇ ಇರಬೇಕು."

ಅವಳು ಗುಂಡುಕಲ್ಲನ್ನು ಪಕ್ಕಕ್ಕಿಟ್ಟಳು. "ಓಡಲಿಲ್ವಾ?"

"ಓಡೋದಾ!" ಗುರಾಣಿಯವನು ಕಿಸಕ್ಕೆಂದ. "ನಾವು ಮೈಗೆ ನಿಮ್ಮ ಲೇಪ ಬಳ್ಕೊಂಡಿದ್ವಲ್ಲ, ಆ ವಾಸನೆ ಹಿಡ್ಕೊಂಡು ಕತ್ತಲಲ್ಲಿ ತಾನಾಗೇ ಹತ್ತಿರ ಬಂತು. ಪೆದ್ದು ಪ್ರಾಣಿ."

ಅವಳು ಕೊಂಬನ್ನು ಕೈಗೆ ತೆಗೆದುಕೊಂಡಳು. ಅಂಗೈಯಷ್ಟು ಉದ್ದ. ತುದಿಯಲ್ಲಿ ಹಳೆಯ ಬಿರುಕು. ಹೆಬ್ಬೆರಳು ಆ ಬಿರುಕಿನ ಮೇಲೆ ಹೋಗಿ ನಿಂತಿತು. ಮುಖದಲ್ಲಿ ಏನೂ ಕದಲಲಿಲ್ಲ.

"ಈಗ ಹೊಟ್ಟೆ ತಣ್ಣಗಾಯ್ತಾ ಅಕ್ಕಾ?"

"ಆಯ್ತು." ಚೌಕಾಸಿಯಿಲ್ಲದೆ ಕೇಳಿದಷ್ಟು ಕೊಟ್ಟಳು. "ನಾಳೆ ಮತ್ತೆ ಹೋಗ್ತೀರಾ?"

"ನಾಳೆ ಎಲ್ಲಾ ತಂಡದವರೂ ಒಟ್ಟಿಗೆ, ಗವಿಯ ಕೊನೇವರೆಗೂ. ಲೇಪ ಜಾಸ್ತಿ ಬೇಕು."

"ಬೆಳಿಗ್ಗೆ ಬನ್ನಿ. ಎಲ್ಲರಿಗೂ ಆಗೋಷ್ಟು ಮಾಡಿಡ್ತೀನಿ."

ಅವರು ಶಿಳ್ಳೆ ಹಾಕುತ್ತ ಹೋದರು. ಒಳಕೋಣೆಯಲ್ಲಿ ಅತ್ತೆ ಹಳೆಯ ಬಟ್ಟೆಗಳನ್ನು ಹರಿದು ತುಂಡು ಮಾಡುತ್ತ ಕೂತಿದ್ದರು. ಕಣ್ಣು ಮಂದವಾದ ಮೇಲೆ ಅವರಿಗೆ ಉಳಿದದ್ದು ಅದೊಂದೇ ಕೆಲಸ.

"ಯಾರಾದ್ರೂ ಬಂದ್ರೇನೇ?"

"ಗಿರಾಕಿಗಳು, ಅತ್ತೆ."

"ಅವರಲ್ಲ ಕಣೇ. ನಮ್ಮೋರು."

"ಇಲ್ಲ."

"ಬರ್ತಾನೆ ಬಿಡು. ಮಾವನ ಮನೇಲಿ ಮುದ್ದು ಜಾಸ್ತಿ. ಕಳ್ಳ, ಅದಕ್ಕೇ ಹೊರಡೋ ಮನಸ್ಸಿಲ್ಲ ಅವನಿಗೆ." ಅತ್ತೆ ಬೊಚ್ಚುಬಾಯಲ್ಲಿ ನಕ್ಕರು. ಅವಳೂ ನಕ್ಕ ಹಾಗೆ ಸದ್ದು ಮಾಡಿ ಹೊರಗೆ ಬಂದಳು.

ಲೇಪದಲ್ಲಿ ರಕ್ತ ನಿಲ್ಲಿಸುವುದು ಆ ಬೇರು. ಉಳಿದದ್ದೆಲ್ಲ ಬರಿಯ ಬಣ್ಣ, ವಾಸನೆ. ಅರೆದ ಬೇರನ್ನೆಲ್ಲ ಬಳಿದು ಒಲೆಯ ಬೆಂಕಿಗೆ ಎಸೆದಳು. ನಾಳೆಯ ಲೇಪದಲ್ಲಿ ಬಣ್ಣ ಅದೇ ಇರಬೇಕು. ವಾಸನೆ ಮಾತ್ರ ಬೇರೆಯಾಗಬೇಕು. ಹೊಸ ಸೊಪ್ಪು ಹಾಕಿದ್ದೇನೆಂದರೆ ನಂಬುತ್ತಾರೆ. ಗವಿಯ ಕೊನೆಯಲ್ಲಿ ಗಾಯ ಆರುವುದಿಲ್ಲ. ಕಾರಂಜಿಯ ಪಕ್ಕ ಬರಿಗೈಲಿ ಏಳುತ್ತಾರೆ, ಮತ್ತೆ ಹೋಗುತ್ತಾರೆ, ಮತ್ತೆ ಬರಿಗೈಲಿ ಏಳುತ್ತಾರೆ. ಸಾವು ಅವರನ್ನು ಏನೂ ಮಾಡದು. ಆದರೆ ಗೆಲ್ಲಲಾಗದ ಆಟ ಬೇಸರ ತರುತ್ತದೆ. ಬೇಸರಕ್ಕೆ ಯಾವ ಅಂಗಡಿಯಲ್ಲೂ ಲೇಪವಿಲ್ಲ.

ಅತ್ತೆಗೆ ಇದನ್ನು ಹೇಳುವುದು ಬೇಡ. ಯಾರಿಗೂ ಬೇಡ.

ಕೊಂಬಿಗೆ ಬಟ್ಟೆ ಸುತ್ತಲು ಹೋದವಳು ಸುತ್ತಲಾರದೆ ಮಡಿಲಲ್ಲಿ ಇಟ್ಟುಕೊಂಡಳು. ಈ ಕೊಂಬು ಮೊಳೆಯುವ ದಿನಗಳಲ್ಲಿ ಮಗ ನೋವಿಗೆ ರಚ್ಚೆ ಹಿಡಿದಾಗ, ಅವನ ಹಣೆಯ ಅಂಚನ್ನು ಬೆರಳಿನಿಂದ ತೀಡಿ ತೀಡಿ ಮಲಗಿಸುತ್ತಿದ್ದವಳು ಅವಳೇ.