ಅರ್ಧ ಬಾವಿ

ಗೆದ್ದಲಿನ ಮದ್ದಿನ ಕ್ಯಾನು ಬಾವಿಗೆ ಬಿದ್ದದ್ದು ಬೆಳಿಗ್ಗೆ, ತಿಂಡಿಗೂ ಮೊದಲು. ಶ್ರವಣ್ ಅದರ ಮುಚ್ಚಳ ತೆಗೆದು ಬಾವಿಕಟ್ಟೆಯ ಮೇಲಿಟ್ಟು, ಮದ್ದು ಬೆರೆಸಲು ನೀರು ಸೇದುತ್ತಿದ್ದ. ಹಗ್ಗ ತಾಗಿತು, ಕ್ಯಾನು ಹೋಯಿತು. ಪಾತಾಳಗರಡಿ ಇಳಿಸಿ ಮೇಲೆತ್ತಿದರೆ ಅದರೊಳಗೆ ಬರೀ ಬಾವಿಯ ನೀರು, ಹಾಲಿನ ಹಾಗೆ ಬೆಳ್ಳಗೆ. ಮಾಡಿನ ಹಳೇ ಮರದ ಪಕ್ಕಾಸುಗಳಿಗೆ ಮದ್ದು ಹೊಡೆಯಲು ಬೇರೆ ಜನ ಯಾಕೆ, ನಾನಿಲ್ಲವಾ ಎಂದು ಹೆಂಡತಿಯ ಮುಂದೆ ಜಂಭ ಕೊಚ್ಚಿಕೊಂಡವನೂ ಅವನೇ. ಇನ್ನು ಯಾರನ್ನು ಬೈಯುವುದು?

ತಮ್ಮದೊಂದೇ ಬಾವಿಯಾಗಿದ್ದರೆ ಪಂಪು ಇಟ್ಟು ಖಾಲಿ ಮಾಡಿಸಿ ಸುಮ್ಮನಾಗಬಹುದಿತ್ತು. ಆದರೆ ಕಲ್ಯಾಣಪುರದ ಈ ಹಳೇ ಮನೆಯ ಜೊತೆ ಅವರಿಗೆ ಸಿಕ್ಕಿದ್ದು ಅರ್ಧ ಬಾವಿ. ಮನೆ ಮಾರಿದ ಲೂಯಿಸರ ಅಪ್ಪ ಹಿಂದೊಮ್ಮೆ ಜಾಗದ ಒಂದು ಪಾಲು ಆಚೆಮನೆಯವರಿಗೆ ಕೊಟ್ಟಾಗ ಕಂಪೌಂಡು ಗೋಡೆಯನ್ನು ಬಾವಿಯ ನಟ್ಟನಡುವೆಯೇ ಹಾಯಿಸಿದ್ದರು. ಗೋಡೆಯ ಈಚೆಗೊಂದು ರಾಟೆ, ಆಚೆಗೊಂದು ರಾಟೆ. ಕೆಳಗಿನ ನೀರು ಮಾತ್ರ ಒಂದೇ. ಆಚೆಯದು ನಳಿನಾಕ್ಷಿಯವರ ಮನೆ. ಮಗಳು ಹೆರಿಗೆಗೆ ಬಂದಿದ್ದಳು. ಅವರ ಅಂಗಳದ ಸರಿಗೆಯ ಮೇಲೆ ಈಗ ಪುಟ್ಟ ಪುಟ್ಟ ಬಟ್ಟೆಗಳು ಒಣಗುತ್ತಿದ್ದವು.

"ನೀವು ಹೋಗಿ ಹೇಳುತ್ತೀರಾ, ನಾನೇ ಹೋಗಬೇಕಾ?" ಹರ್ಷಿಣಿ ಬಾವಿಕಟ್ಟೆಯ ಹತ್ತಿರವೇ ಗಂಡನನ್ನು ಹಿಡಿದು ನಿಲ್ಲಿಸಿದಳು.

"ಇರು ಮಾರಾಯ್ತಿ, ಸ್ವಲ್ಪ ಯೋಚನೆ ಮಾಡುವ. ಇಷ್ಟು ದೊಡ್ಡ ಬಾವಿ. ಒಂದು ಕ್ಯಾನು ಮದ್ದು ಎಲ್ಲಿ ಹೋಯಿತು ಅಂತಲೇ ಗೊತ್ತಾಗಲಿಕ್ಕಿಲ್ಲ."

"ಹಾಗಾದರೆ ನಮ್ಮ ಮನೆ ಒಕ್ಕಲಿನ ಅಡುಗೆಗೂ ಇದೇ ನೀರು ಸೇದುವುದಾ?"

"ಅದೇ ಹೇಳುವುದು ನಾನು. ನಾಡಿದ್ದು ಒಕ್ಕಲು. ಮನೆಗೆ ಕಾಲಿಡುವ ಮೊದಲೇ ನೆರೆಮನೆಯವರ ಬಾವಿಗೆ ವಿಷ ಹಾಕಿದವ ಅಂತ ಹೆಸರು ಬೇಕಾ ನನಗೆ?"

"ಅಲ್ಲಿ ಬಾಣಂತಿ ಇದ್ದಾಳೆ ಮಾರಾಯ್ರೆ! ನಿಮ್ಮ ಹೆಸರಿಗೆ ಬೆಂಕಿ ಬಿತ್ತು."

ಶ್ರವಣ್ ಗೇಟಿನವರೆಗೆ ಹೋಗಿ ತಿರುಗಿ ಬಂದ. ಏಣಿ ಹತ್ತಿ ಪಕ್ಕಾಸಿನ ಗೆದ್ದಲು ಅರ್ಧ ಕೆರೆದು ಕೆಳಗಿಳಿದ. ಸಿಮೆಂಟಿನ ಚೀಲವೊಂದನ್ನು ಜಗಲಿಯ ಆ ಮೂಲೆಯಿಂದ ಈ ಮೂಲೆಗೆ ಎಳೆದು ಹಾಕಿ, ಯಾಕೆ ಎಳೆದೆನೆಂದು ತನಗೇ ತಿಳಿಯದೆ ಅದರ ಮೇಲೆ ಕುಳಿತ. ಕಿವಿಯೆಲ್ಲ ಗೋಡೆಯಾಚೆಗೆ. ಕ್ಯಾನು ಮೇಲೆ ಬಂದ ಸ್ವಲ್ಪ ಹೊತ್ತಿಗೆ ಅಲ್ಲಿನ ರಾಟೆ ಒಮ್ಮೆ ಕಿರುಗುಟ್ಟಿತ್ತು, ಆಮೇಲೆ ಸದ್ದಿಲ್ಲ. ಸದ್ದಿಲ್ಲದ್ದು ಇನ್ನೂ ಕಷ್ಟವಾಯಿತು. ಕುಡಿಯಲಿಕ್ಕೆ ಒಂದು ಕೊಡ ಸಾಲದೇ? ಮಗುವಿನ ಸ್ನಾನ ಆಯಿತೋ ಏನೋ! ಕುಳಿತಲ್ಲಿ ಕುಳಿತಿರಲಾಗದೆ ಕೊನೆಗೆ ಎದ್ದು, ಗೇಟು ದಾಟಿ, ಆಚೆಮನೆಯ ಗೇಟು ತೆಗೆದ.

ನಳಿನಾಕ್ಷಿ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. "ಬನ್ನಿ, ಬನ್ನಿ. ಮನೆ ಕೆಲಸ ಎಲ್ಲಿಗೆ ಬಂತು?"

"ಮುಗಿಯುತ್ತಾ ಬಂತು ನಳಿನಕ್ಕ. ನಾನು ಎಂತ ಹೇಳಲಿಕ್ಕೆ ಬಂದದ್ದೆಂದರೆ..."

"ಮೊದಲು ಆಸರಿಗೆ ಕುಡಿಯಿರಿ. ಮಾತು ಎಲ್ಲಿಗೂ ಓಡಿಹೋಗುವುದಿಲ್ಲ."

ಅವರು ಒಳಗೆ ಹೋಗಿ, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಪಕ್ಕದಲ್ಲಿ ಲೋಟದ ತುಂಬ ನೀರು ತಂದಿಟ್ಟರು. ಶ್ರವಣ್ ಬೆಲ್ಲವನ್ನು ಬಾಯಿಗೆ ಹಾಕಿಕೊಂಡ. ಲೋಟ ಎತ್ತಿ ಮೂಗಿನ ಹತ್ತಿರ ತಂದ. ಬೆಳಿಗ್ಗೆಯಿಂದ ಮೂಗಿನಲ್ಲಿ ಮದ್ದಿನ ವಾಸನೆಯೇ ಕೂತಿದ್ದರಿಂದ ಏನೂ ತಿಳಿಯಲಿಲ್ಲ. ಲೋಟವನ್ನು ಹಾಗೆಯೇ ಕೆಳಗಿಟ್ಟ.

ಹೂ ಕಟ್ಟುತ್ತಿದ್ದ ನಳಿನಾಕ್ಷಿಯವರ ಕೈ ನಿಂತಿತು. "ಎಂತ, ನಮ್ಮ ಮನೆಯ ನೀರು ನಿಮಗೆ ಆಗುವುದಿಲ್ಲವಾ?"

"ಅಯ್ಯೋ, ಹಾಗಲ್ಲ ನಳಿನಕ್ಕ!"

"ಮತ್ತೆ ಹೇಗೆ?"

ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವಂತಿರಲಿಲ್ಲ. ಬಾವಿಗೆ ಮದ್ದು ಬಿದ್ದಿದೆ, ನೀರು ಕುಡಿಯಬೇಡಿ. ಇಷ್ಟೇ ಮಾತು. ಒಳಗೆ ಮಗು ಒಮ್ಮೆ ಅತ್ತು ಸುಮ್ಮನಾಯಿತು. ಶ್ರವಣ್ ಲೋಟವನ್ನು ಮತ್ತೆ ಎತ್ತಿಕೊಂಡ. ಜಾತಿ ನೋಡಿ ನೀರು ಬಿಟ್ಟ ಎನ್ನುತ್ತಾರೋ, ಬಾವಿಗೆ ವಿಷ ಹಾಕಿ ಮನೆಯಲ್ಲಿ ಅಡಗಿ ಕೂತ ಎನ್ನುತ್ತಾರೋ? ಎರಡಕ್ಕೂ ಹೆದರಿ ಕಣ್ಣು ಮುಚ್ಚಿ, ಗಟಗಟನೆ ಲೋಟ ಖಾಲಿ ಮಾಡಿಬಿಟ್ಟ. ಛೀ, ಎಂಥ ಹೇಡಿ ನಾನು ಎಂದು ಅವನಿಗೇ ಅನಿಸಿತು. ಈಗಲಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದ.

"ನಾಡಿದ್ದು ಒಕ್ಕಲಿಗೆ ನೀವೆಲ್ಲ ಬರಬೇಕು. ಅದನ್ನೇ ಹೇಳಲಿಕ್ಕೆ ಬಂದದ್ದು."

"ಬರುವ, ಬರುವ." ನಳಿನಾಕ್ಷಿ ಹೂವನ್ನು ಬದಿಗಿಟ್ಟರು. "ಹೆದರಬೇಡಿ, ನೀವು ಕುಡಿದದ್ದು ಬಾವಿಯದ್ದಲ್ಲ, ಪಂಚಾಯತಿನ ನಳ್ಳಿ ನೀರು. ಬೆಳಿಗ್ಗೆ ಕೊಡ ಮೇಲೆ ಬರುವಾಗಲೇ ವಾಸನೆ ಮೂಗಿಗೆ ಹೊಡೆಯಿತು. ಚೆಲ್ಲಿದೆ. ಆಮೇಲೆ ಹಗ್ಗ ಮುಟ್ಟಲಿಲ್ಲ. ನೀವು ಗಂಡ ಹೆಂಡತಿ ಬಾವಿಕಟ್ಟೆಯಲ್ಲಿ ನಿಂತು ಜಗಳ ಮಾಡಿದ್ದೂ ಕೇಳಿತು."

ಶ್ರವಣನ ಕಿವಿ ಬಿಸಿಯಾಯಿತು.

"ಗೇಟಿನ ಸದ್ದು ಕೇಳಿದಾಗ ನಿಜವಾಗಿ ಖುಷಿಯಾಯಿತು ನನಗೆ. ಅಂತೂ ಹೇಳಲಿಕ್ಕೆ ಬಂದರಲ್ಲ ಅಂತ." ನಳಿನಾಕ್ಷಿ ಖಾಲಿ ಲೋಟವನ್ನು ಎತ್ತಿಕೊಂಡು ಅವನ ಮುಖವನ್ನೇ ನೋಡಿದರು. "ಹೇಳುವುದಕ್ಕಿಂತ ವಿಷ ಕುಡಿಯುವುದೇ ಸುಲಭ ಆಯಿತಾ ಮಾರಾಯ್ರೆ ನಿಮಗೆ?"