ಎದುರಂಗಡಿಯ ಕೆಂಪು ಗಿಟಾರು

ಕೆನ್ನೆಯ ಅರ್ಧಕ್ಕೆ ಬಂದಿದ್ದ ಕತ್ತಿ ಅಲ್ಲೇ ನಿಂತುಬಿಟ್ಟಿತು.

"ಏನಾಯ್ತು?" ಎಂದ, ಕುರ್ಚಿಯಲ್ಲಿ ಕೂತಿದ್ದ ಅಂಚೆಯವನು, ತುಟಿ ಅಲ್ಲಾಡಿಸದೆ.

"ಏನಿಲ್ಲ. ಅಲ್ಲಾಡಬೇಡಿ" ಎಂದ ಸಲೂನಿನವ.

ನಿಜಕ್ಕೂ ಅಲ್ಲಾಡುತ್ತಿದ್ದದ್ದು ಅವನ ಎದೆ. ರಸ್ತೆಯಾಚೆಯ ವಾದ್ಯದಂಗಡಿಯಲ್ಲಿ ಉದ್ದಗೂದಲಿನ ಗಿರಾಕಿಯೊಬ್ಬ ಆ ಕೆಂಪು ಎಲೆಕ್ಟ್ರಿಕ್ ಗಿಟಾರನ್ನು ಗೋಡೆಯಿಂದ ಇಳಿಸಿಕೊಂಡಿದ್ದ. ಇನ್ನೇನು ಕೈತಪ್ಪಿತು, ನಾಲ್ಕು ವರ್ಷದ ಆಸೆ ಮಣ್ಣುಪಾಲಾಯಿತು ಅನ್ನುವಷ್ಟರಲ್ಲಿ ಗಿರಾಕಿ ನಕ್ಕ, ತಲೆಯಾಡಿಸಿದ, ಮತ್ತೆ ಅಲ್ಲೇ ತೂಗುಹಾಕಿದ. ಕತ್ತಿ ಮುಂದಕ್ಕೆ ಸಾಗಿತು.

ಹೀಗೆ ಎಷ್ಟು ಮಂದಿ ಅದನ್ನು ಎತ್ತಿ ನೋಡಿ ಹಿಂದಿಟ್ಟಿದ್ದರೋ! ಸಲೂನಿನವನಿಗೆ ಅವರ ಮೇಲೆ ಮರುಕ. ಕಣ್ಣಿದ್ದೂ ಕುರುಡರು, ಪಾಪ.

ಅವನು ಮಾತ್ರ ಮಹಾ ಚಾಲಾಕಿ, ಹಾಗಂತ ಅವನೇ ಅಂದುಕೊಂಡಿದ್ದ. ಆ ಅಂಗಡಿಯತ್ತ ಒಮ್ಮೆಯೂ ತಿರುಗಿ ನೋಡಬಾರದೆಂಬುದು ಅವನ ಕಟ್ಟುನಿಟ್ಟು. ಕೊಳ್ಳುವ ಆಸೆ ಮುಖದಲ್ಲಿ ಕಂಡರೆ ಬೆಲೆ ಏರದೆ ಇರುತ್ತದೆಯೇ? ಬೆಳಿಗ್ಗೆ ಅವನು ಸಲೂನು ತೆರೆಯುವಾಗ ಎದುರು ಷಟರ್ ಇನ್ನೂ ಎದ್ದಿರುವುದಿಲ್ಲ; ಸಂಜೆ ಅವನು ಮುಚ್ಚುವ ಹೊತ್ತಿಗೆ ಅದು ಇಳಿದಾಗಿರುತ್ತದೆ. ನಡುವಿನ ಹೊತ್ತೆಲ್ಲ ರಸ್ತೆಗೆ ಬೆನ್ನು ಹಾಕಿ ನಿಂತೇ ಇಡೀ ಬೀದಿಯ ಮೇಲೆ ಕಣ್ಣಿಡುವ ವಿದ್ಯೆ ಅವನ ಕಸುಬಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದೇ ಕೊರಗು. ಗಿಟಾರಿನ ಕೊರಳಲ್ಲಿ ತೂಗುತ್ತಿದ್ದ ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದದ್ದನ್ನು ಎಷ್ಟು ಕಣ್ಣು ಕಿರಿದು ಮಾಡಿದರೂ ಓದಲಾಗುತ್ತಿರಲಿಲ್ಲ. ವಯಸ್ಸಾಯಿತು, ಕನ್ನಡಕ ಮಾಡಿಸಬೇಕು ಅಂದುಕೊಂಡು ಸುಮ್ಮನಾಗಿದ್ದ.

ಮನೆಯಲ್ಲಿ ವಿಷಯ ಎತ್ತಿದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು.

"ನಾಲ್ಕು ವರ್ಷ ಯಾರೂ ಕೊಳ್ಳಲಿಲ್ಲ ಅಂದ್ರೆ ಅದರಲ್ಲಿ ಏನೋ ಐಬು ಇದ್ದೇ ಇರುತ್ತೆ ಕಣ್ರೀ."

"ಐಬಲ್ಲ ಕಣೇ, ಋಣಾನುಬಂಧ. ನನಗೇ ಅಂತ ಕಾದು ಕೂತಿದೆ."

"ಮದುವೆಗೆ ಮುಂಚೆ ನನ್ನ ಬಗ್ಗೇನೂ ಹೀಗೇ ಅಂದಿದ್ರಿ."

ಅವಳದು ತಪ್ಪಲ್ಲ. ಕ್ಯಾಮೆರಾ ಆಯಿತು, ಮೀನಿನ ತೊಟ್ಟಿ ಆಯಿತು, ಕರಾಟೆ ಆಯಿತು. ಕರಾಟೆಯ ಬಿಳಿ ಅಂಗಿಯಲ್ಲಿ ಈಗ ನೆಲ ಒರೆಸುತ್ತಿದ್ದರು. ಆದರೆ ಗಿಟಾರು ಹಾಗಲ್ಲ. ಬಾಮೈದನ ಹಳೆಯ ಮರದ ಗಿಟಾರಿನಲ್ಲಿ ಮೂರು ವರ್ಷ ಬೆರಳು ಸುಲಿಸಿಕೊಂಡು ಕಲಿತಿದ್ದ. ನಲವತ್ತಾರು ವರ್ಷದ ಬಾಳಿನಲ್ಲಿ ಅರ್ಧಕ್ಕೆ ಬಿಡದ ಕೆಲಸ ಇದೊಂದೇ. ಇದೂ ಕೈಕೊಟ್ಟರೆ ತಾನು ಯಾವುದಕ್ಕೂ ಬಾರದವ ಎಂದು ಹೆಂಡತಿ ಹೇಳಬೇಕಾಗಿಯೇ ಇರಲಿಲ್ಲ, ಅವನೇ ಒಪ್ಪಿಕೊಂಡುಬಿಡುತ್ತಿದ್ದ. ಆ ಭಯ ಅವನಿಗೆ ನಿಜವಾಗಿಯೂ ಇತ್ತು.

"ಸರಿ, ತನ್ನಿ" ಎಂದಳು ಕೊನೆಗೆ. "ತಂದ ದಿನವೇ ಎಲ್ಲರೆದುರು ಒಂದು ಹಾಡು ಪೂರ್ತಿ ನುಡಿಸಬೇಕು. ಆಗ್ಲಿಲ್ವೋ, ಅದನ್ನ ಮಾರಿಬಿಡೋದು. ಆಮೇಲೆ ಈ ಮನೇಲಿ ಇನ್ನೊಂದು ಹುಚ್ಚಿನ ಮಾತು ಎತ್ತಬಾರದು."

ಮರುದಿನ ಮಧ್ಯಾಹ್ನ, ಸಲೂನಿನ ಬಾಗಿಲು ಎಳೆದು, ಅವನು ರಸ್ತೆ ದಾಟಿದ. ಬಾಮೈದನನ್ನು ಕರೆದಿರಲಿಲ್ಲ. ಅವನು ಬಂದರೆ ಅಲ್ಲೇ ನಾಲ್ಕು ಹಾಡು ನುಡಿಸಿ, ಇದ್ದಬದ್ದ ಮರ್ಯಾದೆಯನ್ನೆಲ್ಲ ತಾನೇ ಬಾಚಿಕೊಳ್ಳುತ್ತಾನೆಂಬ ಹೊಟ್ಟೆಯುರಿ.

"ಆ ಕೆಂಪುದು" ಎಂದ, ಮೇಜಿನ ಮೇಲೆ ಕಣ್ಣು ನೆಟ್ಟು.

ಅಂಗಡಿಯ ಯಜಮಾನ ಎದ್ದೇ ನಿಂತ. "ನೀವೇನಾ ನುಡಿಸೋದು?"

"ನಾನೇ."

"ಅಯ್ಯೋ, ಮೊದಲೇ ಹೇಳಬಾರದಿತ್ತಾ! ನಿಮ್ಮಂಥವರಿಗೇ ಕಾಯ್ತಾ ಇದ್ದೆ. ಇದಕ್ಕೆ ತಕ್ಕವರು ಸಿಗೋದು ಹತ್ತರಲ್ಲಿ ಒಬ್ಬರು."

ಹತ್ತರಲ್ಲಿ ಒಬ್ಬ! ಸಲೂನಿನವ ಅರ್ಧ ಅಡಿ ಎತ್ತರವಾದ. ಕಣ್ಣು ತುಂಬಿ ಬಂದು ಎದುರಿದ್ದದ್ದೆಲ್ಲ ಮಸುಕಾಯಿತು. ಯಜಮಾನ ಚೀಟಿಯನ್ನು ಕಿತ್ತು ಕಸದ ಬುಟ್ಟಿಗೆಸೆದ.

"ಒಂದ್ಸಲ ನುಡಿಸಿ ನೋಡಿ. ಕೊಂಡ ಮೇಲೆ ವಾಪಸಿಲ್ಲ."

ನಾಲ್ಕು ಗಿರಾಕಿಗಳ ಮುಂದೆ? ಒಂದು ಸ್ವರ ತಪ್ಪಿದರೆ? "ಏನೂ ಬೇಡ" ಎಂದ ಸಲೂನಿನವ, ದೊಡ್ಡ ಕಲಾವಿದನ ಗತ್ತಿನಲ್ಲಿ. "ಚೀಲಕ್ಕೆ ಹಾಕಿ."

ಸಂಜೆ ಮನೆಯಲ್ಲಿ ಎಲ್ಲರೂ ಸಾಲಾಗಿ ಕೂತರು. ಹೆಂಡತಿ, ಮಗಳು, ಊರಿನ ಆ ತುದಿಯಿಂದ ಬಸ್ಸಿನಲ್ಲಿ ಬಂದಿದ್ದ ಬಾಮೈದ. ಸಲೂನಿನವ ಚೀಲದ ಜಿಪ್ ಎಳೆದು, ಗಿಟಾರನ್ನು ಕೊರಳಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ತಂತಿಗಳ ಮೇಲೆ ಕೈ ಎಳೆದ.

ಕೇಳಿದ್ದು ಹಾಡಲ್ಲ. ತಗಡಿನ ಡಬ್ಬ ಮೆಟ್ಟಿಲಿಳಿದ ಸದ್ದು. ದಪ್ಪ ತಂತಿ ಇರಬೇಕಾದಲ್ಲಿ ಸಣ್ಣದಿತ್ತು, ಸದ್ದು ಹೆಚ್ಚುಕಡಿಮೆ ಮಾಡುವ ತಿರುಪುಗಳು ಮೊಣಕೈಗೆ ಚುಚ್ಚುತ್ತಿದ್ದವು. ಇನ್ನೊಮ್ಮೆ ಎಳೆದ. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಮೂರು ವರ್ಷ ಕಲಿತದ್ದು ಬೆರಳಿನಿಂದ ಎಲ್ಲಿ ಓಡಿಹೋಯಿತೋ!

ಬಾಮೈದ ಎದ್ದು ಬಂದು ಗಿಟಾರನ್ನು ಅತ್ತಿತ್ತ ತಿರುಗಿಸಿ ನೋಡಿದ.

"ಭಾವ, ನೀವು ಕತ್ತರಿ ಹಿಡಿಯೋದು ಯಾವ ಕೈಯಲ್ಲಿ?"

"ಬಲಗೈಯಲ್ಲಿ. ಯಾಕೋ?"

"ಇದು ಎಡಚರ ಗಿಟಾರು."

"ನಾಲ್ಕು ವರ್ಷ!" ಎಂದಳು ಹೆಂಡತಿ, ನಗು ತಡೆಯಲಾಗದೆ ಗೋಡೆಗೊರಗಿ. "ದಿನಾ ಬೆಳಿಗ್ಗೆಯಿಂದ ಸಂಜೆವರೆಗೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ ಅಂತಿದ್ರಲ್ಲ! ಒಂದು ದಿನಾನೂ ಕಾಣಲಿಲ್ವೇನ್ರೀ?"

ಕಂಡಿತ್ತು. ದಿನವೂ ಕಂಡಿತ್ತು, ಆದರೆ ಸಲೂನಿನ ಕನ್ನಡಿಯಲ್ಲಿ.