ಅಮ್ಮನ ಮುಡಿಪು

ಹರಕೆ ತೀರದಿದ್ದರೆ ಅದಕ್ಕಾಗಿ ಕಟ್ಟಿದ ಮುಡಿಪು ವರ್ಷ ವರ್ಷಕ್ಕೂ ಭಾರವಾಗುತ್ತಿತ್ತು. ಮನೆಯಲ್ಲಿ ಇಟ್ಟುಕೊಳ್ಳಲಾಗದವರು ಅದನ್ನು ಧರ್ಮ ಸಂಗ್ರಹಾಲಯಕ್ಕೆ ಒಪ್ಪಿಸುತ್ತಿದ್ದರು. ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಇಂದುಮತಿ ದೇವರನ್ನು ನಂಬಿದವಳಲ್ಲ. ಆದರೂ ಈ ವರ್ಷವೂ ಯಾರ್ಯಾರದೋ ಹರಕೆಯ ಚೀಟಿಗಳನ್ನು ಕುತೂಹಲದಿಂದ ಓದುತ್ತ, ಕಾಲೆಳೆದುಕೊಂಡು ಅಲ್ಲಿಗೆ ಬಂದು, ತೀರಿಹೋದ ಅಮ್ಮನ ಅರಿಶಿನ ಬಟ್ಟೆಯ ಗಂಟಿನ ಮುಂದೆ ಕೂತಳು.

ಚೀಟಿಯಲ್ಲಿ, ‘ಮಗಳಿಗೆ ದೇವರಲ್ಲಿ ನಂಬಿಕೆ ಬರಲಿ’ ಎಂದಿತ್ತು.

“ಇದು ಆಗ್ಲೇ ಎರಡು ಹಲಗೆ ಮುರೀತು ಮೇಡಂ. ಒಂದ್ಸಲ ಕೈ ಮುಗಿದು ನೋಡಿ,” ಎಂದ ಕಾವಲಿನ ಚೆನ್ನಿಗಪ್ಪ, ಗಂಟನ್ನು ತಕ್ಕಡಿಗೆ ಜರುಗಿಸುತ್ತ.

ಇಂದುಮತಿ ಕಣ್ಣು ಮುಚ್ಚಿ ಕೈ ಮುಗಿದಳು.

“ಈ ಸಲಾನೂ ತಕ್ಕಡಿ ಮುಳ್ಳು ಒಂಚೂರೂ ಇಳೀಲಿಲ್ಲ ಮೇಡಂ.”

“ನಾನು ಸುಳ್ಳು ಹೇಳಿದ್ರೆ ಅಮ್ಮಂಗೆ ಯಾವಾಗ್ಲೂ ಗೊತ್ತಾಗ್ಬಿಡೋದು,” ಎಂದಳು ಇಂದುಮತಿ, ಮುಗಿದ ಕೈ ಬಿಡದೆ.